ಮಣ್ಣಿಗೆ ಬಿದ್ದ ಚೆಂಡು

ನಾನು ಕೂರುತ್ತಿದ್ದ ಮೇಜು ಎಲ್ಲಿತ್ತು ಎಂಬುದನ್ನು ಮೊದಲು ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನದು ಸರಿಯಾಗಿ ತಿಳಿಯುವುದಿಲ್ಲ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ಅಂಚಿನಲ್ಲಿ ಒಂದು ಬೇಸ್‌ಬಾಲ್ ಮೈದಾನವಿದೆ. ಬ್ಯಾಟು ಬೀಸುವವನು ನಿಲ್ಲುವಲ್ಲಿ ನೆಲಮಟ್ಟಕ್ಕೆ ಹೂತಿಟ್ಟ ಐದು ಮೂಲೆಯ ಬಿಳಿ ಹಲಗೆ. ಅದರ ಹಿಂದೆ ಮುಖಕ್ಕೆ ಮಾಸ್ಕು, ಎದೆಗೆ, ಮೊಣಕಾಲಿಗೆ ಕವಚ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರುವವನು ಕ್ಯಾಚರ್. ಅವನ ಹಿಂದೆ ಅಂಪೈರ್, ಅಂಪೈರ್ ಹಿಂದೆ ತಂತಿಬಲೆ, ಬಲೆಯ ಹಿಂದೆ ನನ್ನ ಮೇಜು. ನನ್ನ ಬೆನ್ನಿಗೆ ಮೂರು ಸಾಲು ಮರದ ಬೆಂಚು. ಅಲ್ಲಿ ನಮ್ಮವರು ಕೂರುತ್ತಿದ್ದರು. ಅವರು ಆಡಿದ ಪ್ರತಿ ಮಾತೂ ನನ್ನ ತಲೆಯ ಮೇಲಿಂದ ಹಾದು ಕ್ಯಾಚರನ ಬೆನ್ನಿಗೆ ಹೋಗುತ್ತಿತ್ತು. ನಾನು ಅಲ್ಲಿ ಎರಡು ಬೇಸಿಗೆ ಕೂತೆ. ಎರಡನೆಯ ಬೇಸಿಗೆಯಲ್ಲಿ ಕೇಳಿದ್ದನ್ನು, ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಾನು ಆಟಗಾರನಲ್ಲ. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಮಾಡಲು ಬಂದವನು, ಮುಗಿದ ಮೇಲೂ ಅಲ್ಲೇ ಪಾಠ ಹೇಳುತ್ತ ಉಳಿದುಕೊಂಡವನು. ದಾವಣಗೆರೆಯ ಕಾಲೇಜಿನಲ್ಲಿದ್ದಾಗ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರು ಬರೆಯುತ್ತಿದ್ದೆ. ಒಮ್ಮೆ ಊಟದ ಮಾತಿನಲ್ಲಿ ಅದನ್ನು ಹೇಳಿದ್ದೆ. ಪ್ರತಿ ಶುಕ್ರವಾರ ಸಂಜೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ಒಂದು ಮನೆಯಿತ್ತು. ಆ ಮನೆಯ ಮಗ ಇಲ್ಲೇ ಹುಟ್ಟಿ ಬೆಳೆದವನು. ಹತ್ತೊಂಬತ್ತರ ವಯಸ್ಸಿಗೆ ಊರಿನ ಬೇಸ್‌ಬಾಲ್ ಕ್ಲಬ್ಬಿನ ದೊಡ್ಡವರ ತಂಡಕ್ಕೆ ಕ್ಯಾಚರ್ ಆಗಿ ಆಯ್ಕೆಯಾದ. ಕ್ಲಬ್ಬಿನಲ್ಲಿ ಸ್ಕೋರು ಬರೆಯುವವರಿಲ್ಲ, ಇಲ್ಲಿ ಇಂಥ ಕೆಲಸವನ್ನೆಲ್ಲ ಪುಕ್ಕಟೆಯಾಗಿ ಯಾರಾದರೂ ಮಾಡಿಕೊಡಬೇಕು, ನೀವು ಮಾಡ್ತೀರಾ ಎಂದು ಅವನ ತಂದೆ ಕೇಳಿದರು. ಒಂದು ಶನಿವಾರ, ಭಾನುವಾರ ಕಲಿಸಿದರು. ನಾನು ಪೆನ್ನು ಹಿಡಿದೆ.

ಮೊದಲ ವರ್ಷ ಆ ಹುಡುಗ ಚೆನ್ನಾಗಿ ಆಡಿದ. ಈ ಆಟದಲ್ಲಿ ಚೆಂಡು ಹೊಡೆದವನು ಮೂರು ನೆಲೆಗಳನ್ನು ಸುತ್ತಿ ಮತ್ತೆ ಬಿಳಿ ಹಲಗೆ ಮುಟ್ಟಿದರೆ ಒಂದು ಓಟ. ಎದುರಾಳಿ ಓಟಗಾರನೊಬ್ಬ ಮೊದಲ ನೆಲೆಯಿಂದ ಎರಡನೆಯ ನೆಲೆಗೆ ಕದ್ದು ಓಡುತ್ತಾನೆ. ಕ್ಯಾಚರ್ ಕೂತಲ್ಲಿಂದ ಎದ್ದು, ಪಿಚರನ, ಅಂದರೆ ಎದುರಿನಿಂದ ಚೆಂಡೆಸೆಯುವ ತನ್ನ ತಂಡದವನ, ತಲೆಯ ಮೇಲಿಂದ ಚೆಂಡೆಸೆದು, ಅವನು ತಲುಪುವ ಮೊದಲು ಅಲ್ಲಿಗೆ ಮುಟ್ಟಿಸಬೇಕು. ಇವನು ಏಳುತ್ತಲೂ ಇರಲಿಲ್ಲ. ಮೊಣಕಾಲಿನ ಮೇಲೆಯೇ ಎಸೆಯುತ್ತಿದ್ದ. ಅದನ್ನು ಯಾರೋ ಮೊಬೈಲಿನಲ್ಲಿ ತೆಗೆದು ನಮ್ಮೂರ ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಮುಂದಿನ ಪಂದ್ಯಕ್ಕೆ ಎರಡು ಕಾರು ಬಂದವು, ಅದರ ಮುಂದಿನದಕ್ಕೆ ಆರು. ಪುಳಿಯೋಗರೆಯ ಡಬ್ಬಿಗಳು, ಮಡಚುವ ಕುರ್ಚಿಗಳು, ಒಂದು ಹಳದಿ ಕೆಂಪು ಬಾವುಟ. ಸ್ವೀಡಿಷ್ ಪ್ರೇಕ್ಷಕರು ಹತ್ತು ಹನ್ನೆರಡು ಜನ, ಥರ್ಮಾಸಿನ ಕಾಫಿ ಕುಡಿಯುತ್ತ, ಒಳ್ಳೆಯ ಹೊಡೆತಕ್ಕೆ ನಾಲ್ಕು ಸಲ ಚಪ್ಪಾಳೆ ತಟ್ಟುತ್ತಿದ್ದವರು, ಬಾವುಟ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ನಮ್ಮವರಿಗೆ ಮುಂದಾಳು ಒಬ್ಬರಿದ್ದರು. ಐವತ್ತರ ಆಸುಪಾಸಿನವರು. ಮೈಸೂರಿನಲ್ಲಿ ಕ್ಲಬ್ ಮಟ್ಟದಲ್ಲಿ ವಿಕೆಟ್ ಕೀಪರ್ ಆಗಿದ್ದವರು. ಎಡಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು. ಇವರನ್ನು ಕೀಪರ್ ಎಂದೇ ಕರೆಯುತ್ತೇನೆ. ಬೇಸ್‌ಬಾಲಿನ ನಿಯಮ ಅವರಿಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಕ್ರಿಕೆಟ್ಟಿನಿಂದ ತುಂಬಿಕೊಂಡಿದ್ದರು. ಕ್ಯಾಚರ್ ಎಂದರೆ ವಿಕೆಟ್ ಕೀಪರ್, ಹಿಂದಕ್ಕೆ ಹೋದ ಚೆಂಡೆಲ್ಲ ಅವನ ತಪ್ಪು ಎಂಬುದು ಅವರ ಲೆಕ್ಕ. ಮೊದಲ ವರ್ಷ ಅದರಿಂದ ತೊಂದರೆಯಾಗಲಿಲ್ಲ. ತಂಡದಲ್ಲಿ ಹಳೆಯ ಪಿಚರ್ ಒಬ್ಬನಿದ್ದ. ಅವನು ಚೆಂಡನ್ನು ಕೇಳಿದ ಜಾಗಕ್ಕೆ ಹಾಕುತ್ತಿದ್ದ. ಹಿಂದಕ್ಕೆ ಹೋಗುವುದೇ ಕಡಿಮೆ.

ಆ ಚಳಿಗಾಲ ರಾಜ್ಯೋತ್ಸವಕ್ಕೆ ಶಾಲೆಯೊಂದರ ಊಟದ ಹಾಲಿನಲ್ಲಿ ಸೇರಿದಾಗ ಹುಡುಗನಿಗೆ ಸನ್ಮಾನವಾಯಿತು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಮೈಸೂರು ಪೇಟವನ್ನು ಕೀಪರ್ ತಮ್ಮ ಕೈಯಾರೆ ತೊಡಿಸಿದರು. ಅದು ಸ್ವಲ್ಪ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಕೀಪರ್ ಮೈಕು ಹಿಡಿದು, ಮೊದಲ ವರ್ಷ ಯಾರು ಬೇಕಾದರೂ ಮಿಂಚಬಹುದು, ಎರಡನೇ ವರ್ಷವೇ ನಿಜವಾದ ಪರೀಕ್ಷೆ ಎಂದರು. ರಾಷ್ಟ್ರೀಯ ತಂಡ ಎಂದರು. ಆಮೇಲೆ ಹುಡುಗನ ಕಡೆ ತಿರುಗಿ, "ಬರೋ ವರ್ಷ ನಿನ್ನ ಹಿಂದೆ ಒಂದೇ ಒಂದು ಚೆಂಡು ಹೋಗಬಾರದು, ಗೊತ್ತಾಯ್ತಾ?" ಎಂದರು. ಹುಡುಗ ನಕ್ಕು, ಪ್ರಯತ್ನ ಮಾಡ್ತೀನಿ ಎಂದು ಸ್ವೀಡಿಷ್‌ನಲ್ಲಿ ಹೇಳಿದ. ಅವನು ಯಾವಾಗಲೂ ಸ್ವೀಡಿಷ್‌ನಲ್ಲಿಯೇ ಉತ್ತರಿಸುತ್ತಿದ್ದದ್ದು. ಹಾಲಿನಲ್ಲಿ ಚಪ್ಪಾಳೆ. ಒಂದೂ ಚೆಂಡು ಹಿಂದಕ್ಕೆ ಬಿಡದ ಕ್ಯಾಚರ್ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ ಎಂಬುದು ಆ ಹಾಲಿನಲ್ಲಿ ಅವನನ್ನು ಬಿಟ್ಟರೆ ನನಗೊಬ್ಬನಿಗೆ ಗೊತ್ತಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ವಸಂತದ ಹೊತ್ತಿಗೆ ಹಳೆಯ ಪಿಚರ್ ಓದಲೆಂದು ಬೇರೆ ಊರಿಗೆ ಹೋದ. ಹೊಸಬ ಬಂದ. ಅವನ ತೋಳಿನಲ್ಲಿ ಬಲವಿತ್ತು, ಚೆಂಡು ಹಲಗೆಯ ಹತ್ತಿರ ಬಂದಾಗ ಥಟ್ಟನೆ ಕೆಳಕ್ಕೆ ಇಳಿಯುತ್ತಿತ್ತು. ಎಲ್ಲಿಗೆ ಇಳಿಯುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಕೆಲವು ಹಲಗೆಯ ಮುಂದೆಯೇ ಮಣ್ಣಿಗೆ ಬಿದ್ದು ಪುಟಿಯುತ್ತಿದ್ದವು. ಹುಡುಗ ಅವುಗಳ ಮುಂದೆ ಎದೆಯೊಡ್ಡಿ ಬೀಳುತ್ತಿದ್ದ. ಪಂದ್ಯ ಮುಗಿದು ಕವಚ ಬಿಚ್ಚಿದರೆ ತೋಳಿನ ಒಳಭಾಗವೆಲ್ಲ ಕಪ್ಪಗೆ ಕಂದಿರುತ್ತಿತ್ತು. ಬಹಳಷ್ಟು ಚೆಂಡುಗಳನ್ನು ತಡೆದ. ಕೆಲವು ಹೋದವು.

ಮೊದಲ ಪಂದ್ಯದಲ್ಲಿ ಬೆಂಚಿನವರು ಸುಮ್ಮನಿದ್ದರು. ಎರಡನೆಯದರಲ್ಲಿ ನಗು ಶುರುವಾಯಿತು. ಮೂರನೆಯದರಲ್ಲಿ ಕೀಪರ್ ಬಾಯಿ ಬಿಟ್ಟರು.

"ಅದೇನು ಗ್ಲೌಸೋ ಜರಡಿಯೋ?"

ಬೆಂಚು ನಕ್ಕಿತು. ಆಮೇಲೆ ಅದು ಪ್ರತಿ ಪಂದ್ಯದ ಮಾತಾಯಿತು. ಯಾರೋ ಕಾಫಿ ಕೊಡ್ರಪ್ಪ, ಕೂತಲ್ಲೇ ನಿದ್ದೆ ಹೋಗಿದಾನೆ ಎನ್ನುವರು. ಇನ್ಯಾರೋ, ಟೆನಿಸ್‌ಗೆ ಹಾಕಿ, ಅಲ್ಲಾದ್ರೆ ಹಿಡಿಯೋದೇ ಬೇಡ ಎನ್ನುವರು. ಓಟಗಾರ ಎರಡನೆಯ ನೆಲೆಗೆ ಕದ್ದು ಓಡಿ ಗೆದ್ದಾಗ ಒಬ್ಬ ಹೆಂಗಸು, "ಬನ್ನಿ ಬನ್ನಿ, ಬಾಗಿಲು ತೆಗೆದೇ ಇದೆ," ಎಂದು ಮನೆಗೆ ಕರೆಯುವ ದನಿಯಲ್ಲಿ ಹೇಳಿದರು. ಪೇಟ ವಾಪಸ್ ಇಸ್ಕೊಳ್ಳೋಣ ಎಂಬುದು ಕೀಪರ್ ಮಾತು. ಅದನ್ನು ಅವರು ಕೂಗುತ್ತಿರಲಿಲ್ಲ. ಚೆಂಡು ಬಲೆಗೆ ಬಂದು ಬಡಿದಾಗ, ಹುಡುಗ ಅದನ್ನೆತ್ತಿಕೊಳ್ಳಲು ನಮ್ಮ ಕಡೆಗೇ ಓಡಿಬಂದು ಬಗ್ಗಿದಾಗ, ಬಲೆಯ ಈಚೆಯಿಂದ ಸಾವಕಾಶವಾಗಿ ಹೇಳುತ್ತಿದ್ದರು.

ಹೀಗೆ ಹೇಳಲು ಅವರಿಗೆ ಸಂಕೋಚವಿರಲಿಲ್ಲ, ಏಕೆಂದರೆ ಎಲ್ಲ ಕನ್ನಡದಲ್ಲಿ. ಮೈದಾನದಲ್ಲಿ ಬೇರೆ ಯಾರಿಗೂ ತಿಳಿಯದು. ಹುಡುಗನಿಗೂ ತಿಳಿಯದು ಎಂದೇ ಅವರು ನಂಬಿದ್ದರು. ಅವನು ಕನ್ನಡದಲ್ಲಿ ಒಂದು ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಬೆಳೆದ ಮಕ್ಕಳೆಲ್ಲ ಹಾಗೆ ಎಂಬುದು ನಮ್ಮಲ್ಲಿ ಮುಗಿದುಹೋದ ಮಾತು. ಸನ್ಮಾನದ ದಿನ ಕೀಪರ್ ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಸರಿಯಾಗಿ ಉತ್ತರಿಸಿದ್ದು ಯಾರಿಗೂ ನೆನಪಿರಲಿಲ್ಲ. ಶುಕ್ರವಾರದ ಊಟಗಳಲ್ಲಿ ಅವನ ತಾಯಿ ಅವನಿಗೆ ಮೊಸರು ತಾ ಎಂದು ಕನ್ನಡದಲ್ಲಿ ಹೇಳುವುದನ್ನು, ಅವನು ಎದ್ದು ತರುವುದನ್ನು ನಾನು ಎಷ್ಟು ಸಲ ನೋಡಿದ್ದೆನೋ. ಆದರೂ ನಾನು ಕೂಡ ಅದೇ ನಂಬಿಕೆಯಲ್ಲಿದ್ದೆ. ಅಥವಾ ನಂಬಿಕೆಯಲ್ಲಿರುವುದು ಸುಲಭವಾಗಿತ್ತು.

ಜೂನ್‌ನಲ್ಲಿ ಒಂದು ಪಂದ್ಯದ ನಡುವೆ ನಮ್ಮ ತಂಡದ ತರಬೇತುದಾರರು ನನ್ನ ಮೇಜಿಗೆ ಬಂದರು. ಕಡಿಮೆ ಮಾತಿನ ಸ್ವೀಡಿಷ್ ಹೆಂಗಸು. ನಿಮ್ಮ ಜನ ಏನು ಕೂಗ್ತಿದಾರೆ ಎಂದು ಕೇಳಿದರು. ಅವನ ಭುಜ ಪ್ರತಿ ಸಲ ಗಟ್ಟಿಯಾಗುವುದನ್ನು ಅವರು ಗಮನಿಸಿದ್ದರು. ಹುರಿದುಂಬಿಸ್ತಿದಾರೆ ಎಂದೆ. ಅವರು ಬೆಂಚಿನ ಕಡೆ ನೋಡಿದರು. ಕೀಪರ್ ನಗುತ್ತ ಕೈಯೆತ್ತಿದರು. ತರಬೇತುದಾರರೂ ಕೈಯೆತ್ತಿ ವಾಪಸು ಹೋದರು. ಇದು ನಾನು ಮಾಡಿದ ಮೊದಲ ತಪ್ಪು. ನಮ್ಮವರ ಮಾನ ಉಳಿಸಲು ಹೇಳಿದೆ ಎಂದು ಆಗ ಅಂದುಕೊಂಡೆ.

ಎರಡನೆಯ ತಪ್ಪಿಗೆ ಬರಬೇಕಾದರೆ ಸ್ಕೋರು ಬರೆಯುವವನ ಒಂದು ಕೆಲಸವನ್ನು ವಿವರಿಸಬೇಕು. ಚೆಂಡು ಕ್ಯಾಚರನನ್ನು ದಾಟಿ ಹಿಂದಕ್ಕೆ ಹೋಗಿ, ಓಟಗಾರ ಮುಂದಿನ ನೆಲೆಗೆ ಓಡಿದರೆ, ಅದು ಪಿಚರನ ತಪ್ಪೋ ಕ್ಯಾಚರನ ತಪ್ಪೋ ಎಂದು ಒಬ್ಬರು ನಿರ್ಧರಿಸಬೇಕು. ಆ ಒಬ್ಬರು ಅಂಪೈರ್ ಅಲ್ಲ, ಮೇಜಿನಲ್ಲಿ ಕೂತವನು. ಹಿಡಿಯಬಹುದಾಗಿದ್ದ ಚೆಂಡಾದರೆ ಕ್ಯಾಚರನ ಹೆಸರಿಗೆ. ಹಿಡಿಯಲಾಗದ ಚೆಂಡಾದರೆ ಪಿಚರನ ಹೆಸರಿಗೆ. ಇದರಲ್ಲಿ ಅಭಿಪ್ರಾಯಕ್ಕೆ ಎಡೆಯುಂಟು. ಆದರೆ ಒಂದು ಕಡೆ ಎಡೆಯಿಲ್ಲ. ಹಲಗೆಗೆ ಮೊದಲೇ ಚೆಂಡು ನೆಲ ಮುಟ್ಟಿದ್ದರೆ ಅದು ಪಿಚರನದ್ದೇ. ನಿಯಮ ಹಾಗೆಯೇ ಹೇಳುತ್ತದೆ.

ಬೆಂಚಿನ ಮಾತು ಹೆಚ್ಚಿದಾಗ ನಾನು ಒಂದು ಹಾಳೆಯ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಹಿಂದಕ್ಕೆ ಹೋದವುಗಳಲ್ಲಿ ಹೆಚ್ಚಿನವು ಪಿಚರನವು, ನೋಡಿ ಎಂದು ಬರೆದೆ. ಒಳ್ಳೆಯದಕ್ಕೇ ಮಾಡಿದ್ದು. ಕೀಪರ್ ಐದೇ ನಿಮಿಷದಲ್ಲಿ ಉತ್ತರಿಸಿದರು: "ಮೇಷ್ಟ್ರು ಶುಕ್ರವಾರ ಯಾರ ಮನೇಲಿ ಊಟ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು." ಕೆಳಗೆ ನಗುವ ಮುಖಗಳ ಸಾಲು.

ಇದು ನನಗೆ ಚುಚ್ಚಿತು. ಸ್ಕೋರು ಬರೆಯುವಾಗ ನಾನು ಯಾರ ಮುಖವನ್ನೂ ನೋಡಿದವನಲ್ಲ, ಅದೊಂದು ಹೆಮ್ಮೆ ನನಗಿತ್ತು. ಮುಂದಿನ ಎರಡು ಶುಕ್ರವಾರ ಏನೋ ಕೆಲಸವಿದೆ ಎಂದು ಅವರ ಮನೆಗೆ ಹೋಗಲಿಲ್ಲ. ಮೇಜಿನಲ್ಲಿ ಅನುಮಾನದ ಚೆಂಡು ಬಂದಾಗಲೆಲ್ಲ ಕ್ಯಾಚರನ ಹೆಸರಿಗೆ ಬರೆಯತೊಡಗಿದೆ. ನಿಷ್ಪಕ್ಷಪಾತಿಯಾಗಿರಬೇಕೆಂದು ಹಾಗೆ ಬರೆದೆ. ಹುಡುಗ ಪಂದ್ಯ ಮುಗಿದ ಮೇಲೆ ಯಾವಾಗಲೂ ಮೇಜಿಗೆ ಬಂದು ಹಾಳೆ ನೋಡುತ್ತಿದ್ದ. ಮೊದಲ ವರ್ಷದಿಂದಲೂ ಅವನ ರೂಢಿ ಅದು. ಬೆರಳಿಟ್ಟು ತನ್ನ ಸಾಲನ್ನು ಓದಿ, ತಲೆಯಾಡಿಸಿ, ತಾಕ್ ಎಂದು ಸ್ವೀಡಿಷ್‌ನಲ್ಲಿ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದ. ಆ ವಾರಗಳಲ್ಲಿ ಬೆರಳು ಕೆಲವು ಕಡೆ ನಿಲ್ಲುತ್ತಿತ್ತು. ಆಮೇಲೆ ಎಂದಿನಂತೆ ತಾಕ್ ಎಂದು ಹೋಗುತ್ತಿದ್ದ.

ಆಗಸ್ಟಿನ ಒಂದು ಭಾನುವಾರ ಸ್ಟಾಕ್‌ಹೋಮ್ ಕಡೆಯ ತಂಡ ಬಂದಿತ್ತು. ಅವನ ತಾಯಿ ಆಗಲೇ ಪಂದ್ಯಗಳಿಗೆ ಬರುವುದನ್ನು ನಿಲ್ಲಿಸಿದ್ದರು. ಅವರು ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಾರೆ, ಭಾನುವಾರ ರಜೆ. ಆದರೂ ಬರಲಿಲ್ಲ. ಬೆಂಚು ಮಾತ್ರ ತುಂಬಿತ್ತು. ಸೋಲುವುದನ್ನು ನೋಡಲು ಗೆಲ್ಲುವುದನ್ನು ನೋಡಿದವರಿಗಿಂತ ಹೆಚ್ಚು ಜನ ಬಂದಿದ್ದರು. ಇದನ್ನು ಎಣಿಸಿ ಹೇಳುತ್ತಿಲ್ಲ, ನನಗೆ ಹಾಗೆ ಕಂಡಿತು.

ಕೊನೆಯ ಸುತ್ತು. ಎರಡೂ ಕಡೆ ಸಮ. ಎದುರಾಳಿಯ ಓಟಗಾರ ಮೂರನೆಯ ನೆಲೆಯಲ್ಲಿ. ಅವನು ಬಿಳಿ ಹಲಗೆ ಮುಟ್ಟಿದರೆ ಪಂದ್ಯ ಬಹುಪಾಲು ಅವರದು. ಪಿಚರ್ ಎಸೆದ. ಚೆಂಡು ಎಂದಿನಂತೆ ಕೊನೆಗೆ ಇಳಿಯಿತು. ಹಲಗೆಯ ಮುಂದೆ, ಒಂದು ಅಂಗೈಯಷ್ಟು ಮುಂದೆ, ಕೆಂಪು ಧೂಳು ಎದ್ದಿತು. ಹುಡುಗ ಮೊಣಕಾಲೂರಿ ಗ್ಲೌಸನ್ನು ನೆಲಕ್ಕೆ ಒತ್ತಿದ. ಚೆಂಡು ಅವನ ಕಾಲಿನ ಕವಚಕ್ಕೆ ಬಡಿದು ಬಲಕ್ಕೆ ಸಿಡಿದು ಬಲೆಯ ಬುಡಕ್ಕೆ ಉರುಳಿತು. ಅವನು ಹಾರಿ ಹಿಡಿದು ತಿರುಗುವಷ್ಟರಲ್ಲಿ ಓಟಗಾರ ಜಾರಿಕೊಂಡು ಬಂದು ಹಲಗೆ ಮುಟ್ಟಿದ್ದ.

ಧೂಳನ್ನು ನಾನು ನೋಡಿದೆ. ಇದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಕೀಪರ್ ಆ ಸಲ ಕೂಗಲಿಲ್ಲ. ಮುಂದಕ್ಕೆ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು. "ಏನ್ ಮೇಷ್ಟ್ರೇ, ಇದನ್ನೂ ಪಿಚರ್ ತಲೆಗೇ ಕಟ್ತೀರಾ?"

ನಾನು ಕ್ಯಾಚರನ ಹೆಸರಿಗೆ ಬರೆದೆ. ಪೆನ್ನಿನಲ್ಲಿ.

ನಮ್ಮ ತಂಡ ತನ್ನ ಸರದಿಯಲ್ಲಿ ಏನೂ ಮಾಡಲಾಗದೆ ಸೋತಿತು. ಎರಡೂ ತಂಡದವರು ಸಾಲಾಗಿ ನಿಂತು ಕೈಕುಲುಕಿದರು. ಹುಡುಗ ಮಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಬಲೆಯ ಪಕ್ಕದ ಬಾಗಿಲಿನಿಂದ ಮೇಜಿಗೆ ಬಂದ. ಬೆಂಚಿನವರು ಡಬ್ಬಿ ಮುಚ್ಚುತ್ತ, ಕುರ್ಚಿ ಮಡಚುತ್ತ ಇನ್ನೂ ಅಲ್ಲೇ ಇದ್ದರು. ಅವನ ಬೆರಳು ಸಾಲಿನ ಮೇಲೆ ಹೋಗಿ ಕೊನೆಯ ಗುರುತಿನ ಹತ್ತಿರ ನಿಂತಿತು. ಉಗುರಿನೊಳಗೆ ಕೆಂಪು ಮಣ್ಣಿತ್ತು.

"ಅಂಕಲ್, ಇದು ಮಣ್ಣಿಗೆ ಬಿದ್ದಿತ್ತು," ಎಂದ. "ನೀವು ನೋಡಿದ್ರಿ."

ಕನ್ನಡದಲ್ಲಿ ಹೇಳಿದ. ಅವನ ತಾಯಿಯ ಕನ್ನಡ, ಅವರದೇ ಎಳೆತ. ಬೆನ್ನ ಹಿಂದೆ ಕುರ್ಚಿಗಳ ಸದ್ದು ನಿಂತಿತು.

ಕೀಪರ್, "ಅರೆ, ಇವನಿಗೆ ಕನ್ನಡ ಬರುತ್ತಾ?" ಎಂದರು. ನನ್ನನ್ನು ಕೇಳಿದಂತೆ ಕೇಳಿದರು, ಅವನು ಅಲ್ಲಿ ಇಲ್ಲವೇನೋ ಎಂಬಂತೆ.

ಹುಡುಗ ಅವರ ಕಡೆ ತಿರುಗಿದ. "ಬರುತ್ತೆ ಅಂಕಲ್. ಜರಡಿ ಅಂದ್ರೇನು ಅಂತ ಮಾತ್ರ ಅಮ್ಮನ್ನ ಕೇಳ್ಬೇಕಾಯ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಮಾಹಿತಿ ಕೊಟ್ಟಂತೆ ಹೇಳಿದ. ಆಮೇಲೆ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿಟ್ಟು ಹೊರಟುಹೋದ. ಬಾಗಿಲು ತೆಗೆದೇ ಇದೆ ಎಂದು ಕರೆದಿದ್ದ ಹೆಂಗಸು ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದರು. ಯಾರೋ ಒಬ್ಬರು, ಇವತ್ತಿನ ಮಕ್ಕಳಿಗೆ ತಮಾಷೆ ತಿಳಿಯಲ್ಲಪ್ಪ ಎಂದರು. ಕೀಪರ್ ತಮ್ಮ ಸೊಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ನಮಗೆಲ್ಲ ಇದಕ್ಕಿಂತ ಜಾಸ್ತಿ ಬೈತಿದ್ರು, ನಾವೇನು ಸತ್ತ್ಹೋದ್ವಾ?" ಎಂದರು. ಎಲ್ಲರೂ ಕಾರಿನ ಕಡೆ ನಡೆದರು.

ಸ್ಕೋರು ಬರೆದವನು ತನ್ನ ನಿರ್ಧಾರವನ್ನು ಒಂದು ದಿನದೊಳಗೆ ತಿದ್ದಬಹುದು. ಮನೆ ಮುಟ್ಟಿದ ಕೂಡಲೇ ತಿದ್ದಿ ಕಳಿಸಿದೆ. ಬರೀ ಅದನ್ನಲ್ಲ, ಹಿಂದಿನ ಹಾಳೆಗಳನ್ನೂ ತೆಗೆದು ನೋಡಿದೆ. ಅವುಗಳ ಗಡುವು ಮುಗಿದಿತ್ತು. ಅಲ್ಲಿ ಅನುಮಾನದ ಚೆಂಡುಗಳು ಎಷ್ಟಿದ್ದವೋ ಅಷ್ಟೂ ಅವನ ಹೆಸರಿಗೇ ಉಳಿದಿವೆ, ಉಳಿಯುತ್ತವೆ. ಗುಂಪಿನಲ್ಲಿ, ಕೊನೆಯ ಚೆಂಡಿನ ಬಗ್ಗೆ ನಾನು ತಪ್ಪು ಬರೆದಿದ್ದೆ, ನೋಡಿಯೂ ತಪ್ಪು ಬರೆದಿದ್ದೆ ಎಂದು ಹಾಕಿದೆ. ಆಮೇಲೆ ಕೀಪರ್ ಬರೆದರು: "ತಿದ್ದಿದ್ರೆ ಪಂದ್ಯ ಗೆದ್ದಂಗಾಯ್ತಾ?" ಅದರ ಕೆಳಗೆ ಯಾರೋ ಗಣೇಶನ ಹಬ್ಬದ ಊಟಕ್ಕೆ ಎಷ್ಟು ಜನ ಎಂದು ಕೇಳಿದರು. ಎಲ್ಲರೂ ಅದಕ್ಕೆ ಉತ್ತರಿಸತೊಡಗಿದರು.

ಅವನ ತಾಯಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿ, ಅವನಿಗೆ ಎಲ್ಲ ಅರ್ಥವಾಗುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ ಎಂದೆ.

"ನೀವು ನಾಲ್ಕು ವರ್ಷದಿಂದ ನಮ್ಮನೇಲಿ ಊಟಕ್ಕೆ ಕೂತಿದೀರಿ. ನಾನು ಅವನ ಹತ್ರ ಯಾವ ಭಾಷೇಲಿ ಮಾತಾಡ್ತೀನಿ ಅಂದ್ಕೊಂಡಿದ್ರಿ?"

ಅವನು ಹೇಗಿದ್ದಾನೆ ಎಂದು ಕೇಳಿದೆ. ಕೈಗೆ ಐಸ್ ಇಟ್ಕೊಂಡು ಕೂತಿದಾನೆ ಎಂದರು. ಆಡ್ತಾನಾ ಎಂದು ಕೇಳಿದೆ. ನನಗೆ ನಿಜವಾಗಿ ಬೇಕಾಗಿದ್ದ ಪ್ರಶ್ನೆ ಅದೊಂದೇ. ಅದನ್ನ ಅವನೇ ಹೇಳಬೇಕು, ನಾವು ಕೇಳಿಲ್ಲ, ನೀವೂ ಕೇಳಬೇಡಿ ಎಂದರು.

ಸೆಪ್ಟೆಂಬರಿನ ಕೊನೆಯ ಪಂದ್ಯಕ್ಕೆ ನಾನು ಒಂದು ಗಂಟೆ ಮೊದಲೇ ಹೋದೆ. ತರಬೇತುದಾರರು ನೆಲೆಗಳಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಜೂನ್‌ನಲ್ಲಿ ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ ಎಂದೆ. ಬೆಂಚಿನವರು ಏನು ಹೇಳುತ್ತಿದ್ದರು ಎಂಬುದನ್ನು ಒಂದೊಂದಾಗಿ ಸ್ವೀಡಿಷ್‌ನಲ್ಲಿ ಹೇಳಿದೆ. ಜರಡಿಯನ್ನು ಹೇಳಿದೆ, ಬಾಗಿಲನ್ನು ಹೇಳಿದೆ, ಪೇಟವನ್ನು ಹೇಳಿದೆ. ಪೇಟ ಎಂದರೇನು ಎಂದು ವಿವರಿಸಬೇಕಾಯಿತು. ಅವರು ಗೆರೆ ಎಳೆಯುವ ಗಾಡಿಯನ್ನು ನಿಲ್ಲಿಸಿ ಕೇಳಿದರು. ಆಗ ಹೇಳಿದ್ದರೆ ನಾನು ಅವರನ್ನು ಬೇರೆ ಕಡೆ ಕೂರಿಸುತ್ತಿದ್ದೆ, ಎಂದರು. ಅಷ್ಟೇ. ಜೇಬಿನಿಂದ ಆ ದಿನದ ಆಟಗಾರರ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟು ಗೆರೆ ಮುಂದುವರಿಸಿದರು.

ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಅವನು ನಿಲ್ಲುವ ಜಾಗದ ಅಂಕಿ ಇರುತ್ತದೆ. ಕ್ಯಾಚರ್ ಎರಡು. ಎರಡು ಬೇಸಿಗೆ ಆ ಹುಡುಗನ ಹೆಸರಿನ ಮುಂದೆ ಎರಡನ್ನೇ ಬರೆದಿದ್ದೆ. ಆ ದಿನ ಅಲ್ಲಿ ಒಂಬತ್ತು ಇತ್ತು. ಒಂಬತ್ತು ಎಂದರೆ ಮೈದಾನದ ಬಲತುದಿ, ಬೇಲಿಯ ಹತ್ತಿರ, ಮೇಜಿನಿಂದ ಅತಿ ದೂರದ ಜಾಗಗಳಲ್ಲಿ ಒಂದು. ಇದು ನಿಮ್ಮ ನಿರ್ಧಾರವೇ ಎಂದು ಕೂಗಿ ಕೇಳಿದೆ. ಅವನೇ ಕೇಳಿಕೊಂಡ, ಮುಂದಿನ ವರ್ಷಕ್ಕೂ ಅಲ್ಲಿಯೇ ಬೇಕಂತೆ ಎಂದು ತಿರುಗದೆ ಹೇಳಿದರು.

ಬೆಂಚುಗಳು ಖಾಲಿ ಇದ್ದವು. ಕೀಪರ್ ಒಬ್ಬರು ಬಂದರು. ಕೂರಲಿಲ್ಲ, ಬಲೆಯ ಹತ್ತಿರಕ್ಕೂ ಬರಲಿಲ್ಲ. ಕಾರು ನಿಲ್ಲಿಸುವ ಕಡೆ ಬೇಲಿಗೆ ಕೈಯೂರಿ ನಿಂತರು. ಹೊಸ ಕ್ಯಾಚರ್ ಒಬ್ಬ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಮಣ್ಣಿಗೆ ಬಿದ್ದ ಚೆಂಡುಗಳು ಅವನನ್ನೂ ದಾಟಿ ಬಲೆಗೆ ಬಡಿದವು. ಪ್ರತಿಯೊಂದನ್ನೂ ಪಿಚರನ ಹೆಸರಿಗೆ ಬರೆದೆ.

ಆ ಪಂದ್ಯದಲ್ಲಿ ಒಂಬತ್ತರ ಕಡೆ ಎರಡೇ ಚೆಂಡು ಹೋದವು. ಮೊದಲನೆಯದು ಸುಲಭದ್ದು. ಎರಡನೆಯದಕ್ಕೆ ಅವನು ಬೇಲಿಯ ತನಕ ಹಿಂದಕ್ಕೆ ಓಡಿ, ಕೀಪರ್ ನಿಂತಿದ್ದ ಜಾಗಕ್ಕೆ ಹತ್ತು ಹೆಜ್ಜೆ ದೂರದಲ್ಲಿ, ಭುಜದ ಮೇಲಿಂದ ಹಿಡಿದ. ಕೀಪರ್ ಚಪ್ಪಾಳೆ ತಟ್ಟಿದರು, ಶಭಾಷ್ ಎಂದೂ ಏನೋ ಹೇಳಿದಂತಿತ್ತು. ನನ್ನ ಮೇಜಿಗೆ ಕೇಳಿಸಲಿಲ್ಲ. ಹುಡುಗ ಅವರ ಕಡೆ ನೋಡದೆ ಚೆಂಡನ್ನು ಒಳಕ್ಕೆ ಎಸೆದ.

ಆಟ ಮುಗಿದ ಮೇಲೆ ಹಾಳೆಯನ್ನು ಅವನು ಓದುವ ಕಡೆಗೆ ತಿರುಗಿಸಿಟ್ಟು ಕಾದೆ. ಆಟಗಾರರು ಚೀಲ ಹೊತ್ತು ಒಬ್ಬೊಬ್ಬರಾಗಿ ಹೋದರು. ಅವನು ಮೈದಾನದ ಆಚೆ ಬದಿಯ ಬಾಗಿಲಿನಿಂದ ಆಗಲೇ ಹೋದನೆಂದು ಅವರಲ್ಲೊಬ್ಬ ಹೇಳಿದ. ತರಬೇತುದಾರರು ಬಲೆಯ ಬಾಗಿಲಿಗೆ ಬೀಗ ಹಾಕಲು ಬಂದು, ನಿಮ್ಮದು ಮುಗಿಯಿತೇ ಎಂದು ಕೇಳಿದರು. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ.